ತೊದಲಿನ ರುಚಿ

ಕನ್ನಡ ಎಂ.ಎ. ಮಾಡಿಕೊಂಡವನ ಮನೆಯಲ್ಲಿ ಮಗುವಾಗಿ ಹುಟ್ಟುವುದು ಅಷ್ಟೇನೂ ಸುಖದ ಸಂಗತಿಯಲ್ಲ. ಬೇರೆಯವರ ಮನೆಯ ಕೂಸು ‘ತಾಪಿ’ ಎಂದರೆ ಕಾಫಿಯ ಲೋಟದಿಂದ ಒಂದು ಗುಟುಕು ದೊರೆತೀತು. ನಮ್ಮಲ್ಲಿ ಮೊದಲು ಉಚ್ಚಾರಣೆ, ಆಮೇಲೆ ಗುಟುಕು.

ನನ್ನ ಮಗನಿಗೆ ಆಗ ಮೂರು ವರ್ಷ. ಅವನ ಪರಮಪ್ರಿಯ ಪದಾರ್ಥ ಆಲೂಗೆಡ್ಡೆ. ಅವನ ಬಾಯಲ್ಲಿ ಅದು ‘ಲೂದೆದ್ದೆ’ ಆಗುತ್ತಿತ್ತು. ಮೊದಲಿನ ‘ಆ’ಕಾರಕ್ಕೆ ಲೋಪ, ‘ಗ’ಕಾರಕ್ಕೂ ‘ಡ’ಕಾರಕ್ಕೂ ‘ದ’ಕಾರ ಆದೇಶ. ಕೇಶಿರಾಜನು ಕೇಳಿದ್ದರೆ ಒಂದು ಸೂತ್ರವನ್ನೇ ಬರೆದಿಡುತ್ತಿದ್ದನೋ ಏನೋ! ನನಗೆ ಅಷ್ಟು ತಾಳ್ಮೆ ಎಲ್ಲಿಯದು? ತಟ್ಟೆಯನ್ನು ಎತ್ತಿ ಹಿಡಿದು, “ಎಲ್ಲಿ, ಸರಿಯಾಗಿ ಹೇಳು: ಆ... ಲೂ... ಗೆಡ್ಡೆ” ಎನ್ನುತ್ತಿದ್ದೆ. ಹದಿನೈದು ದಿನ ಪಾಠ ನಡೆಯಿತು. ಹದಿನಾರನೆಯ ದಿನ ಮಗ ಆ ಪದವನ್ನೇ ಬಿಟ್ಟುಬಿಟ್ಟ. ಬೇಕೆನಿಸಿದಾಗ ತಟ್ಟೆಯತ್ತ ಬೆರಳು ತೋರಿಸಿ, ನನ್ನ ಮುಖ ನೋಡಿ ಸುಮ್ಮನಾಗತೊಡಗಿದ. ಬರುಬರುತ್ತ, ನಾನು ಮನೆಗೆ ಕಾಲಿಟ್ಟೊಡನೆ ಅವನ ಉಳಿದ ಮಾತುಗಳೂ ನಿಲ್ಲತೊಡಗಿದವು.

“ಪಾಠವನ್ನು ಕಾಲೇಜಿನಲ್ಲೇ ಮುಗಿಸಿ ಬನ್ನಿ ಅಂದರೆ ಕೇಳಿದಿರಾ?” ಎಂದಳು ನನ್ನಾಕೆ. ನನ್ನಲ್ಲಿ ಉತ್ತರವಿರಲಿಲ್ಲ.

ಹೀಗಿರುವಾಗ, ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನ ರಜೆಯ ಮೇಲೆ ಬಂದ. ಅವನ ಪೆಟ್ಟಿಗೆಯಿಂದ ಏಳೆಂಟು ಚಿಪ್ಸ್ ಪೊಟ್ಟಣಗಳು ಹೊರಬಂದವು. ಮೇಲೆ ಕೋಟು ತೊಟ್ಟ ಆಲೂಗೆಡ್ಡೆ ಮಹಾಶಯನೊಬ್ಬನ ಚಿತ್ರ. ‘ಟೇಟೋ’ ಎಂದು ಹೆಸರು.

“ಏನಯ್ಯಾ, ಪೊಟೇಟೋದ ತಲೆ ಎಲ್ಲಿ ಹೋಯಿತು?” ಎಂದೆ.

“ಅದೇ ಭಾವ, ಕಥೆ” ಎಂದು ಅವನು ಆರಂಭಿಸಿದ. ಅವನು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಒಪ್ಪಿಸುತ್ತೇನೆ.

1954ರಲ್ಲಿ ಜೋ ಮರ್ಫಿ ಎಂಬಾತ ಡಬ್ಲಿನ್ನಿನಲ್ಲಿ ಒಂದು ವ್ಯಾನು, ಎಂಟು ಮಂದಿ ಕೆಲಸಗಾರರೊಡನೆ ಚಿಪ್ಸ್ ತಯಾರಿಕೆಗೆ ಇಳಿದ. ಆ ಕಾಲದಲ್ಲಿ ಆ ಕಡೆಯ ಚಿಪ್ಸಿಗೆ ಉಪ್ಪೇ ಸರ್ವಸ್ವ. ಲಂಡನ್ನಿನ ಸ್ಮಿತ್ಸ್ ಕಂಪನಿಯವರು ನೀಲಿ ಕಾಗದದ ಚೂರಿನಲ್ಲಿ ಉಪ್ಪನ್ನು ಸುತ್ತಿ ಒಳಗಿಡುತ್ತಿದ್ದರು. ತಿನ್ನುವವನೇ ಬಿಚ್ಚಿ ಉದುರಿಸಿಕೊಳ್ಳಬೇಕು. ಮರ್ಫಿಗೆ ಈ ಸಪ್ಪೆತನ ಒಗ್ಗಲಿಲ್ಲ. ಅವನ ಕೆಲಸಗಾರ ಷೇಮಸ್ ಬರ್ಕ್ ಎಂಬವನು ಅಡುಗೆಮನೆಯ ಮೇಜೊಂದರ ಮೇಲೆ ಪುಡಿಗಳನ್ನು ಬೆರೆಸುತ್ತ, ಕೆಡಿಸುತ್ತ, ಮತ್ತೆ ಬೆರೆಸುತ್ತ, ಕಡೆಗೆ ಒಂದು ಹದಕ್ಕೆ ಬಂದ. ಅದೇ ಚೀಸ್ ಮತ್ತು ಈರುಳ್ಳಿಯ ರುಚಿ. ಉಪ್ಪು ಮತ್ತು ವಿನಿಗರಿನ ಹುಳಿಯೂ ಟೇಟೋ ಪೊಟ್ಟಣಗಳನ್ನು ಸೇರಿತು. ಈ ರುಚಿಗಳನ್ನು ಇಂದು ಮಾಡದ ಕಂಪನಿ ವಿರಳ.

“ಬಿಸಿಯಾಗಿರುವಾಗಲೇ ಪುಡಿ ಉದುರಿಸಬೇಕು, ಎಣ್ಣೆಯ ಪಸೆ ಆರಿದ ಮೇಲೆ ಅಂಟುವುದಿಲ್ಲ” ಎಂದಳು ಒಳಗಿನಿಂದ ನನ್ನಾಕೆ. ಬಾಣಲೆಯ ಮುಂದೆ ನಿಂತವರ ವಿದ್ಯೆ ಎಲ್ಲ ದೇಶದಲ್ಲೂ ಒಂದೇ.

ಇನ್ನು ಹೆಸರಿನ ಸಂಗತಿ. ಮರ್ಫಿಯ ಎಳೆಯ ಮಗನಿಗೆ ‘ಪೊಟೇಟೋ’ ಎನ್ನಲು ನಾಲಗೆ ಹೊರಳುತ್ತಿರಲಿಲ್ಲವಂತೆ, ‘ಟೇಟೋ’ ಎನ್ನುತ್ತಿದ್ದನಂತೆ. ತಂದೆ ಅದನ್ನೇ ಕಂಪನಿಗೆ ಇಟ್ಟ.

ಇದನ್ನು ಕೇಳಿ ನಾನು ಮೌನವಾದೆ. ಆಲೂಗೆಡ್ಡೆ ಆ ನಾಡಿಗೆ ಕೇವಲ ತಿಂಡಿಯಲ್ಲ. 1845ರಲ್ಲಿ ಅಂಗಮಾರಿ ರೋಗ ತಗಲಿ ಹೊಲದ ಬೆಳೆ ನೆಲದಲ್ಲೇ ಕೊಳೆತು, ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಅಂಥ ನಾಡಿನಲ್ಲಿ, ನೂರು ವರ್ಷ ಕಳೆದ ಮೇಲೆ, ಒಬ್ಬ ತಂದೆ ಅದೇ ಗೆಡ್ಡೆಯ ಹೆಸರನ್ನು ಮಗುವಿನ ಬಾಯಿಂದ ಕೇಳಿದ. ಕೇಳಿದಂತೆಯೇ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ.

1956ರಲ್ಲಿ ಉತ್ತರ ಐರ್ಲೆಂಡಿನ ಹಚಿನ್ಸನ್ ಮನೆತನದವರು ಆ ಹೆಸರನ್ನೂ ಪಾಕವನ್ನೂ ಬಳಸುವ ಹಕ್ಕು ಪಡೆದು ಟಾಂಡ್ರಗೀ ಕೋಟೆಯಲ್ಲಿ ಬೇರೆಯದೇ ಟೇಟೋ ಕಟ್ಟಿದರು. ಅದು ಈಗಲೂ ಆ ಮನೆತನದ್ದೇ. ಡಬ್ಲಿನ್ನಿನದು ಕೈ ಬದಲಾಯಿಸಿತು. 1964ರಲ್ಲಿ ಷಿಕಾಗೋದ ಬಿಯಾಟ್ರಿಸ್ ಫುಡ್ಸ್ ದೊಡ್ಡ ಪಾಲು ಕೊಂಡಿತು, 1983ರಲ್ಲಿ ಮರ್ಫಿ ತನ್ನ ಪಾಲನ್ನೂ ಮಾರಿದ, 2001ರಲ್ಲಿ ತೀರಿಕೊಂಡ. ಈಗ ಅದರ ಒಡೆತನ ಜರ್ಮನಿಯ ಇಂಟರ್‌ಸ್ನ್ಯಾಕ್ ಕಂಪನಿಯದು. ಒಡೆಯರು ಬದಲಾದರು, ತೊದಲು ಮಾತ್ರ ಬದಲಾಗಲಿಲ್ಲ.

ಕಥೆ ಮುಗಿದಾಗ ನನ್ನ ಮಗ ಮಗ್ಗುಲಲ್ಲಿ ನಿಂತಿದ್ದ. ಬೆರಳು ಪೊಟ್ಟಣದ ಕಡೆಗಿತ್ತು. ನಾನು ಒಂದು ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟು, “ತಗೋ, ಲೂದೆದ್ದೆ” ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಇದೂ ಒಂದು ಪರೀಕ್ಷೆಯಾಗಿರಬಹುದು! ಅಮ್ಮನ ಕಡೆ ನೋಡಿದ, ಮಾವನ ಕಡೆ ನೋಡಿದ. ಬಿಲ್ಲೆಯನ್ನು ಬಾಯಿಗೆ ಹಾಕಿ, ಈರುಳ್ಳಿಯ ಘಾಟಿಗೆ ಮೂಗು ಮುರಿದು, ಚೀಸಿನ ಉಪ್ಪುಹುಳಿ ನಾಲಗೆಗೆ ತಾಕಿದಾಗ ಕಣ್ಣರಳಿಸಿ, ಬಹಳ ಮೆಲ್ಲಗೆ, “ಇನ್ನೊಂದು ಲೂದೆದ್ದೆ” ಎಂದ. ಎಷ್ಟೋ ದಿನದ ಮೇಲೆ ಕೇಳಿದ ಪದ. ಪೊಟ್ಟಣ ಬರಿದಾಗುವವರೆಗೂ ನಾವಿಬ್ಬರೂ ಆ ಒಂದೇ ಪದವನ್ನು ಆಡಿದೆವು.

ಈಗ ಅವನಿಗೆ ಐದು ತುಂಬಿದೆ. ನಾಲಗೆ ತಾನಾಗಿಯೇ ತಿರುಗಿದೆ, ಶಾಲೆಗೂ ಹೋಗುತ್ತಾನೆ. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅಭ್ಯಾಸಬಲದಿಂದ ನನ್ನಾಕೆಗೆ, “ಸ್ವಲ್ಪ ಲೂದೆದ್ದೆ ಪಲ್ಯ ಹಾಕು” ಎಂದೆ. ಮಗ ತಟ್ಟೆಯಿಂದ ತಲೆಯೆತ್ತಿ, ನನ್ನದೇ ಗತ್ತಿನಲ್ಲಿ, “ಅಪ್ಪ, ಸರಿಯಾಗಿ ಹೇಳು: ಆ... ಲೂ... ಗೆಡ್ಡೆ” ಎಂದ.

ನನ್ನಾಕೆ ಸೌಟು ಹಿಡಿದು ನಿಂತೇ ಇದ್ದಳು. ನಾನು ಹೇಳಿದ ಮೇಲೆಯೇ ಪಲ್ಯ ತಟ್ಟೆಗೆ ಬಿತ್ತು.