ಬೀದರಿನ ಒಂದು ಸೂಟಿ

"ನೀವು ಹಾಡೋದು ಎಲ್ಲಾರೂ ಕೇಳ್ಯಾರ. ಕನ್ನಡ ಬರೆಯೋದು ಎಲ್ಲಿ ಕಲಿತ್ರಿ, ಅದನ್ನ ಬರದು ಕೊಡ್ರಿ" ಅಂತ ನಮ್ಮ ವಾಚನಾಲಯದವರು ಬೆನ್ನು ಹತ್ತಿದರು. ಅದಕ್ಕೆ ಬೀದರಿನ ಸುದ್ದಿಯೇ ಹೇಳಬೇಕು. ಈಗಿನ ಮಕ್ಕಳು ಸೂಟಿಗೆ ವಿಮಾನ ಹತ್ತಿ ಲಂಡನ್ನಿಗೂ ಹೋಗಿ ಬರ್ತಾರೆ. 1970ರ ಬ್ಯಾಸಿಗ್ಯಾಗ ನನಗೆ ಹತ್ತು ವರ್ಷ. ಜಹೀರಾಬಾದಿನಿಂದ ಸುಮಾರು 30 ಕಿಲೋಮೀಟರ್ ಇರೋ ಬೀದರೇ ನನಗೆ ಪರದೇಶ ಆಗಿತ್ತು.

ಪರದೇಶ ಅಂದದ್ದು ಬರೇ ನಗಿಮಾತಲ್ಲ. ಅಪ್ಪನ ಕಾಲಕ್ಕೆ ನಮಗೆ ಬೀದರೇ ಜಿಲ್ಲಾ, ಕೋರ್ಟು ಕಚೇರಿ ಎಲ್ಲಾ ಅಲ್ಲೇ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ, ಭಾಲ್ಕಿ ಮೈಸೂರಿಗೆ ಹೋದವು, ಉದಗೀರ ಮುಂಬೈ ಕಡೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ತಾಂಡೂರಿನವರು ಗುಲಬರ್ಗಾ ಬಿಟ್ಟು ಈ ಕಡೆ ಬಂದದ್ದೂ ಹಿಂಗೇ. ಹೊಲ ಇಲ್ಲಿ, ಬೀಗರು ಅಲ್ಲಿ. ನಾವು ಹುಡುಗರು ಮನ್ಯಾಗ ಕನ್ನಡ ಮಾತಾಡಿ ಸಾಲ್ಯಾಗ ತೆಲುಗು ಬರೀತಿದ್ದೆವು. ಕನ್ನಡಕ್ಕೆ ಅಕ್ಷರ ಇರ್ತಾವ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಅವ್ವನ ತಮ್ಮ, ನಮ್ಮ ಸೋದರಮಾವ, ಬೀದರಿನ ಗಂಜಿನಾಗ ಹಮಾಲಿ ಮಾಡ್ತಿದ್ದ. ಚೌಬಾರಾದ ಹತ್ತಿರ ಒಂದು ಓಣ್ಯಾಗ ಒಂದೇ ಖೋಲಿ. ರೈಲಿನಿಂದ ಇಳಿದಾಗ ಹೊಗಿ ಮಸಿಗೆ ನನ್ನ ಮೋತಿ ಕರ್ರಗಾಗಿತ್ತು. ಅತ್ತಿ ಮೊದಲು ಮೈ ತೊಳೆದು ಆಮ್ಯಾಲೆ ರೊಟ್ಟಿ ಕೊಟ್ಟಳು.

ಒಂದು ಐತವಾರ ಮಾವ ಮಹಮೂದ ಗವಾನನ ಮದರಸಾ ತೋರಿಸಿದ. ಇರಾನಿನಿಂದ ಬಂದು ಬಹಮನಿ ಸುಲ್ತಾನರಿಗೆ ಮಂತ್ರಿ ಆದವ 1472ರಲ್ಲಿ ಕಟ್ಟಿಸಿದ್ದು. 1696ರಲ್ಲಿ ಒಳಗಿದ್ದ ಮದ್ದು ಸಿಡಿದು ಮುಂದಿನ ಗ್ವಾಡಿ ಅರ್ಧ ಹಾರಿಹೋಗ್ಯದ. ಉಳಿದ ಒಂದೇ ಮಿನಾರಿನ ಮ್ಯಾಲೆ ನೀಲಿ ಬಿಲ್ಲೆ ಅಲ್ಲಲ್ಲಿ ಹೊಳೀತಿದ್ದವು. ನಮ್ಮ ಸಾಲಿಗೆ ಒಂದೇ ಖೋಲಿ ಇತ್ತು. ನಾನು ಬಾಯಿ ತೆರೆದು ನೋಡಿ, "ಮಾವಾ, ಇಷ್ಟು ದೊಡ್ಡ ಸಾಲ್ಯಾಗ ಯಾವ ಮಾತು ಕಲಿಸ್ತಿದ್ದರು?" ಅಂದೆ.

"ಅರಬ್ಬಿ, ಫಾರಸಿ."

"ನಮ್ಮದು?"

ಮಾವ ನಕ್ಕ. "ನಮ್ಮದು ನಾ ಕಲಿಸ್ತೀನಿ ಬಾರೋ" ಅಂದ. ಅವನೂ ನಾಲ್ಕನೇತ್ತಾ ಬಿಟ್ಟವನೇ.

ಸಂಜೀಕೆ ಗಂಜಿನಿಂದ ಬಂದು, ಬೆನ್ನು ನೋವಿದ್ದರೂ, ಪಾಟಿ ಹಿಡಿದು ಕೂಡ್ತಿದ್ದ. ತೆಲುಗು ಕನ್ನಡ ಅಕ್ಷರ ಅಣ್ಣತಮ್ಮ ಇದ್ದಂಗ. ತೆಲುಗಿನ ತಲಿ ಮ್ಯಾಲೆ ಮಾಸ್ತರರು ಹಾಕೋ ರೈಟಿನಂಥ ಗೆರಿ, ಕನ್ನಡದಾಗ ಅದು ಅಡ್ಡ ಮಲಗ್ತದ. ಕ, ತ, ಶ ಮಾತ್ರ ಬ್ಯಾರೇ ಆಕಾರ, ಅವೇ ನನ್ನ ಸತಾಯಿಸಿದವು. ಹಗಲೆಲ್ಲಾ ಪಕ್ಕದ ಮನಿಯ ಬಿದರಿ ಕೆಲಸದವರ ಕಟ್ಟಿ ಮ್ಯಾಲೆ ಕೂಡ್ತಿದ್ದೆ. ಜಸ್ತ ತಾಮ್ರದ ಹೂಜಿ ಮ್ಯಾಲೆ ಸಣ್ಣ ಉಳಿಯಿಂದ ಗೆರಿ ಕೊರೆದು ಅದರಾಗ ಬೆಳ್ಳಿ ತಂತಿ ಬಡೀತಿದ್ದರು. ಕಡೀಕೆ ಕ್ವಾಟಿ ಮಣ್ಣು, ನವಸಾಗರ ಕೂಡಿಸಿದ ನೀರಾಗ ಹಾಕಿದರೆ ಹೂಜಿ ಕರ್ರಗಾಗಿ ಬೆಳ್ಳಿ ಬೆಳ್ಳಗೇ ಉಳೀತಿತ್ತು. ಮಣ್ಣು ಬರೋಬ್ಬರಿ ಅದನೋ ಇಲ್ಲೋ ಅಂತ ಆ ಮುದುಕ ನಾಲಿಗಿಗೆ ಹಚ್ಚಿ ನೋಡ್ತಿದ್ದ. ನನಗೂ ಚೂರು ಕೊಟ್ಟ. ನಾನು ಉಗುಳಿದೆ.

ಬಜಾರದಾಗ ಉರ್ದು ಬೋರ್ಡೇ ಜಾಸ್ತಿ, ನಡುನಡುವೆ ಕನ್ನಡ. ಎಂಟೊಂಬತ್ತು ದಿನ ಆದ ಮ್ಯಾಲೆ ಒಂದು ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿದೆ: ಹಿಟ್ಟಿನ ಗಿರಣಿ. ಹಿಟ್ಟು! ಅವ್ವ ಮುಂಜಾನೆದ್ದು ಅನ್ನೋ ಮಾತು ಹಲಗಿ ಮ್ಯಾಲೆ ಕುಂತಿತ್ತು. ಆ ಅಂಗಡಿ ಮುಂದೆ ಎಷ್ಟು ಸಲ ಅಡ್ಡಾಡಿದೆನೋ ಲೆಕ್ಕಿಲ್ಲ.

ಊರಿಗೆ ಬರುವಾಗ ಮಾವ ಒಂದು ನೋಟಬುಕ್ ಕೊಡಿಸಿದ. ನಮ್ಮ ಆಯಿ, ಅಪ್ಪನ ಅವ್ವ, ಕೋಳಿ ಕೂಗೋ ಹೊತ್ತಿಗೆ ಬೀಸೂ ಕಲ್ಲಿಗೆ ಕೂಡ್ತಿದ್ದಳು. ಹಾಡಿಲ್ಲದೆ ಒಂದು ಹಿಡಿ ಜ್ವಾಳಾನೂ ಬೀಸಿದವಳಲ್ಲ. ನಾನು ಚಿಮಣಿ ಬುಡ್ಡಿ ಇಟ್ಟುಕೊಂಡು ಕೇಳಿದಂಗ ಬರೆದೆ, ತಪ್ಪು ತಡಿ ಭಾಳ. ತಿರುಗಿ ಓದಿ ತೋರಿಸಿದಾಗ ಆಯಿ ಕಲ್ಲು ನಿಲ್ಲಿಸಿ, "ನನ್ನ ಮಾತು ಹಾಳಿ ಮ್ಯಾಲೆ ಹ್ಯಾಂಗ ಹೋಯ್ತೋ?" ಅಂತ ಹಾಳಿ ಕೈಯಾಗ ಹಿಡಿದು ಬೆಳಕಿಗೆ ಒಡ್ಡಿದಳು. ಆಮ್ಯಾಲೆ ನಾನು ತಪ್ಪು ಓದಿದರೆ ಬೈಯೋದು ಸುರು.

ಎರಡು ವರ್ಷದಾಗ ಹದಿನೇಳು ಹಾಡು ಆದವು. ಹದಿನೆಂಟನೇದು ಮಗಳನ್ನು ಗಂಡನ ಮನಿಗೆ ಕಳಿಸೋ ದೊಡ್ಡ ಹಾಡು. ಅರ್ಧಕ್ಕೆ ಬಂದಾಗ ಮಳಿ ಬಂತು, "ಬಿತ್ತಿಗಿ ಮುಗೀಲಿ" ಅಂದಳು. ಬಿತ್ತಿಗಿ ಮುಗಿಯೋದರಾಗ ನಮ್ಮೂರಿಗೂ ಕರೆಂಟಿನ ಗಿರಣಿ ಬಂತು. ಬೀಸೋದು ನಿಂತಿತು. ನಾನು ನೋಟಬುಕ್ ಹಿಡಿದು ಕುಂತರೆ ಆಯಿ ಬಾಯಿ ತೆರೀತಿದ್ದಳು, ಎರಡು ನುಡಿ ಬರ್ತಿತ್ತು, ನಿಲ್ತಿತ್ತು. "ಕಲ್ಲು ತಿರುಗದ ಹಾಡು ಬರೂದಿಲ್ಲೋ ತಮ್ಮಾ" ಅಂದಳು. ಕಲ್ಲು ತಂದು ಮುಂದಿಟ್ಟರೆ, "ಬರೇ ಕಲ್ಲು ತಿರುವಲ್ಯಾ, ಕಾಳಿಲ್ಲದ?" ಅಂತ ನಕ್ಕಳು. ಒಂದು ಸೇರು ಜ್ವಾಳ ತರಬೇಕಂತ ನನಗೆ ತಿಳೀಲಿಲ್ಲ, ಹುಡುಗ ನಾನು. ಆ ಚಳಿಗಾಲಕ್ಕೆ ಆಯಿ ಹೋದಳು.

ಆ ಹಾಡು ನಾನು ಈಗಲೂ ಹಾಡ್ತೀನಿ. ಮಗಳು ಬಂಡಿ ಹತ್ತಿ, ತಿರುಗಿ ನೋಡೋ ತನಕ ಅದ. ಅಲ್ಲಿಗೆ ನಿಲ್ಲಿಸ್ತೀನಿ. ಮುಂದಿಂದು ಕಟ್ಟಿ ಹಾಡು ಅಂತ ಮೇಳದವರು ಅಂತಾರೆ. ನೋಟಬುಕ್ಕಿನಾಗ ಅದರ ಮುಂದೆ ನಾಲ್ಕು ಹಾಳಿ ಖಾಲಿ ಬಿಟ್ಟಿದ್ದೆ, ಹಂಗೇ ಅವ.