ಅಂಕೆ

ಕನ್ನಡದ 'ಅಂಕೆ' ಎಂಬ ಮಾತಿಗೆ ಎರಡು ಅರ್ಥ: ಒಂದು ಎಣಿಕೆಯ ಗುರುತು, ಇನ್ನೊಂದು ಹತೋಟಿ. ಪಾಠದ ನಡುವೆ ಈ ಮಾತು ಬಂದಾಗಲೆಲ್ಲ, ಇವೆರಡೂ ಒಂದೇ ಸೂರಿನಡಿ ಸುಮ್ಮನೆ ಸೇರಿಕೊಂಡಿಲ್ಲವೆಂದು ನನಗೆ ತೋರುತ್ತದೆ. ಎಣಿಸದೆ ಬಿಟ್ಟದ್ದನ್ನು ಹತೋಟಿಯಲ್ಲಿಡುವುದು ಕಷ್ಟ. ಪೊಲೀಸರ ಬಂದೂಕಿನ ವಿಚಾರದಲ್ಲಂತೂ ಇದು ಪೂರ್ತಿ ನಿಜ.

1938ರ ಏಪ್ರಿಲ್ 25ರಂದು ನಮ್ಮ ವಿದುರಾಶ್ವತ್ಥದಲ್ಲಿ ನಡೆದ ಗೋಲೀಬಾರಿನಲ್ಲಿ ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತಕ್ಕೂ ಮೇಲೆಂದರು ಜನ. ಇಂಥ ಕಡೆ ಸಭ್ಯರು ಸಾಮಾನ್ಯವಾಗಿ ಆಡುವ ಮಾತೊಂದಿದೆ: ಸರ್ಕಾರ ಮುಚ್ಚಿಡುತ್ತದೆ, ಜನ ಕಡ್ಡಿಯನ್ನು ಗುಡ್ಡ ಮಾಡುತ್ತಾರೆ, ಸತ್ಯ ನಡುವೆ ಎಲ್ಲೋ ಇದ್ದೀತು. ಕೇಳಲು ನ್ಯಾಯವಾಗಿದೆ. ಆದರೆ ನಡುವೆಯೇ ಕೂರಬೇಕೆಂಬ ಹಟ ಸತ್ಯಕ್ಕೇನೂ ಇಲ್ಲ.

ಇದನ್ನು ಒರೆಗೆ ಹಚ್ಚಲು ಅಮೆರಿಕ ಒಳ್ಳೆಯ ನಿದರ್ಶನ. ಅಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ತಮ್ಮ ಗುಂಡಿಗೆ ಸತ್ತವರ ವರದಿಯನ್ನು ಅವು ಎಫ್.ಬಿ.ಐ.ಗೆ ಕಳಿಸಬಹುದು, ಬಿಡಬಹುದು. 2014ರಲ್ಲಿ ಫರ್ಗ್ಯುಸನ್ ಎಂಬ ಊರಿನಲ್ಲಿ ಮೈಕಲ್ ಬ್ರೌನ್ ಎಂಬ ತರುಣ ಪೊಲೀಸನ ಗುಂಡಿಗೆ ಬಲಿಯಾದಾಗ, ವರ್ಷಕ್ಕೆ ಇಂಥವರೆಷ್ಟು ಎಂದು ಕೇಳಿದವರಿಗೆ ಖಚಿತ ಉತ್ತರ ಸಿಗಲಿಲ್ಲ. ಮರುವರ್ಷ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಊರೂರಿನ ಸುದ್ದಿಗಳನ್ನೂ ಪೊಲೀಸ್ ಹೇಳಿಕೆಗಳನ್ನೂ ಕಲೆಹಾಕಿ ತಾನೇ ಎಣಿಸಿತು. ಲೆಕ್ಕ ಸಾವಿರದ ಹತ್ತಿರ ನಿಂತಿತು, ಎಫ್.ಬಿ.ಐ. ವರ್ಷವರ್ಷ ಹೇಳುತ್ತಿದ್ದುದರ ಎರಡರಷ್ಟಕ್ಕೂ ಹೆಚ್ಚು. 1980ರಿಂದ 2018ರವರೆಗೆ ಪೊಲೀಸರ ಕೈಯಲ್ಲಾದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರದ ಮರಣ ದಾಖಲೆಯಲ್ಲಿ ಹಾಗೆಂದು ಕಾಣಿಸಿಕೊಂಡೇ ಇಲ್ಲವೆಂದು 2021ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯ ಅಧ್ಯಯನವೊಂದು ಅಂದಾಜು ಮಾಡಿತು. ಇಲ್ಲಿ ಸತ್ಯ ನಡುವೆ ಕೂತಿರಲಿಲ್ಲ.

ಹಾಗೆಂದು ಖಾಸಗಿ ಲೆಕ್ಕ ವೇದವಾಕ್ಯವಲ್ಲ. ಸುದ್ದಿಯಾಗದ ಸಾವು ಅದಕ್ಕೆ ತಿಳಿಯದು. 'ಪೋಸ್ಟ್' ಎಣಿಸಿದ್ದು ಗುಂಡೇಟಿನ ಸಾವುಗಳನ್ನು ಮಾತ್ರ; 2020ರಲ್ಲಿ ಪೊಲೀಸನ ಮೊಣಕಾಲಿನಡಿ ಸತ್ತ ಜಾರ್ಜ್ ಫ್ಲಾಯ್ಡ್ ಆ ಪಟ್ಟಿಗೆ ಸೇರುವುದಿಲ್ಲ. ಗುಂಡು ತಗುಲಿಯೂ ಬದುಕಿ ಉಳಿದವರು ಸೇರುವುದಿಲ್ಲ.

ಆದರೂ ಅಂಥ ಪಟ್ಟಿಯನ್ನು ನಾನು ನಂಬುತ್ತೇನೆ. ಅದರಲ್ಲಿ ಪ್ರತಿಯೊಂದು ಸಾವಿಗೂ ತಾರೀಖಿದೆ, ಊರಿದೆ, ತಿಳಿದಮಟ್ಟಿಗೆ ಹೆಸರಿದೆ. ಇಂಥ ಸಾಲು ತಪ್ಪೆಂದು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು. ಬರಿಯ ಮೊತ್ತವನ್ನಾದರೋ ನಂಬಬಹುದು ಅಥವಾ ಬಿಡಬಹುದು, ತಿದ್ದಲು ಬರುವುದಿಲ್ಲ. ಮುಂದೆ ಎಲ್ಲಿಯಾದರೂ ಗೋಲೀಬಾರಾದ ಸುದ್ದಿ ಓದಿದಾಗ, ಸರ್ಕಾರವನ್ನಾಗಲಿ ಜನರನ್ನಾಗಲಿ 'ಎಷ್ಟು ಮಂದಿ' ಎಂದಷ್ಟೇ ಕೇಳಿ ಸುಮ್ಮನಾಗದೆ, 'ಯಾರು ಯಾರು' ಎಂದೂ ಕೇಳೋಣ.