ಕೆನ್ನೆಯೊಳಗಿನ ಕೆರೆ

ಕೆರೆಗೂ ಮುಖಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವವರು ದಾರಿಯ ಕೆರೆಗಳನ್ನು ಎಣಿಸುತ್ತ ಕುಳಿತರೆ ಲೆಕ್ಕ ತಪ್ಪುವುದು ಖಂಡಿತ. ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದನೆಂದು ಸಾರುವ 5ನೆಯ ಶತಮಾನದ ಕಂಬ ತಾಳಗುಂದದಲ್ಲಿ ಇನ್ನೂ ನಿಂತಿದೆ. ನೀರು ತಾನಾಗಿ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಇದು ನಮ್ಮ ಸೀಮೆಯ ಹಳೆಯ ವಿದ್ಯೆ. ನಮ್ಮ ಚರ್ಮಕ್ಕೂ ಈ ವಿದ್ಯೆ ಗೊತ್ತೆಂದು ನನಗೆ ತಿಳಿದದ್ದು ಸೊರಬದ ಅಕ್ಕನ ಮಗಳ ದೆಸೆಯಿಂದ.

ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ, ಮಾಘದಲ್ಲಿ ಮದುವೆ. ಅವಳ ಕಣ್ಣಿನ ಕೆಳಗೆ ಸಣ್ಣ ತಗ್ಗು. ಅಕ್ಕನಿಗೂ ಅದಿದೆ, ನಮ್ಮ ಅಮ್ಮನಿಗೂ ಇತ್ತು. ಕಂಡವರೆಲ್ಲ "ನಿದ್ದೆ ಇಲ್ಲವೇ?" ಎಂದು ಕೇಳುತ್ತಾರಂತೆ. "ಮಾವಾ, ಫಿಲ್ಲರ್ ಹಾಕಿಸಿ ತುಂಬಿಸಿಕೊಳ್ಳುತ್ತೇನೆ" ಎಂದಳು. "ಅಮ್ಮನ ಗುರುತು ಅಂತ ಇವಳ ಮುಖದಲ್ಲಿ ಉಳಿದಿರುವುದು ಅದೊಂದೇ ಕಣೋ" ಎಂದು ಅಕ್ಕ ಕಣ್ಣೊರೆಸಿಕೊಂಡಳು. ಇಬ್ಬರೂ ಸೇರಿ ನನ್ನನ್ನು ಪಂಚನನ್ನಾಗಿ ಮಾಡಿದರು. ತೀರ್ಪು ಹೇಳುವವನು ಮೊದಲು ವಸ್ತುವನ್ನು ನೋಡಬೇಕಷ್ಟೆ!

ವಸ್ತುವಿನ ಹೆಸರು ಹಯಲುರಾನಿಕ್ ಆಮ್ಲ. ಹುಣಿಸೆಯ ಹುಳಿ ಇದಕ್ಕಿಲ್ಲ; ಇದು ಸಕ್ಕರೆಯ ಜಾತಿಯ ಅಣುಗಳ ಉದ್ದನೆಯ ಸರಪಳಿ. 1934ರಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬುವರು ಇದನ್ನು ದನದ ಕಣ್ಣಿನ ಲೋಳೆಯಿಂದ ಬೇರ್ಪಡಿಸಿದರು. ನಮ್ಮ ಚರ್ಮದಲ್ಲೂ ಮೊಣಕಾಲಿನ ಕೀಲಿನಲ್ಲೂ ನೀರು ಹಿಡಿದಿಡುವುದು ಇದರ ಕಸುಬು. ಒಂದು ಮಿಲಿಲೀಟರ್ ಫಿಲ್ಲರಿನಲ್ಲಿ ಈ ಆಮ್ಲ ಸುಮಾರು 20 ಮಿಲಿಗ್ರಾಂ. ಉಳಿದದ್ದೆಲ್ಲ ಹೆಚ್ಚುಕಡಿಮೆ ನೀರೇ.

ಸರಪಳಿಗಳನ್ನು ಬಿಡಿಯಾಗಿ ಬಿಟ್ಟರೆ ದೇಹ ಒಂದೆರಡು ದಿನದಲ್ಲಿ ಕರಗಿಸಿಬಿಡುತ್ತದೆ. ಆದ್ದರಿಂದ ಅವುಗಳ ನಡುವೆ ಕೊಂಡಿ ಹಾಕುತ್ತಾರೆ. ಆಗ ಅದು ಸಾಮಾನ್ಯವಾಗಿ 6ರಿಂದ 18 ತಿಂಗಳು ನಿಲ್ಲುತ್ತದೆ. ಕೊಂಡಿಗೆ ಮುಂಚೆ ನಮ್ಮ ಜೋನಿಬೆಲ್ಲದಂತೆ ಹರಿಯುತ್ತಿದ್ದದ್ದು ಕೊಂಡಿಯ ಮೇಲೆ ಹಾಲುಬಾಯಿಯಂತೆ ಮೈಗಟ್ಟುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹಾಗಾದರೆ ಕೂದಲಿನಷ್ಟು ಸಣ್ಣ ಸೂಜಿಯಲ್ಲಿ ಇಳಿಯುವುದು ಹೇಗೆ? ಚಕ್ಕುಲಿ ಒರಳನ್ನು ನೆನೆಯಿರಿ. ಒತ್ತಿದಾಗ ಹಿಟ್ಟು ಹರಿಯುತ್ತದೆ, ಹೊರಗೆ ಬಿದ್ದಮೇಲೆ ಸುರುಳಿಯಾಗಿ ನಿಲ್ಲುತ್ತದೆ. ಇದರ ಗುಣವೂ ಅದೇ.

ಎಲ್ಲ ಫಿಲ್ಲರೂ ಒಂದೇ ಅಲ್ಲ. ಗಲ್ಲದ ಮೂಳೆಯ ಮೇಲೆ ಎತ್ತಿ ನಿಲ್ಲಿಸಲು ಬಿಗಿಯಾದದ್ದು ಬೇಕು, ತುಟಿಗೆ ಮೃದುವಾದದ್ದು. ಕಣ್ಣಿನ ಕೆಳಗಂತೂ ಹೆಚ್ಚು ನೀರು ಹೀರದಂಥದೇ ಆಗಬೇಕು, ಇಲ್ಲವಾದರೆ ಹಳ್ಳ ಹೋಗಿ ದಿಬ್ಬವಾದೀತು. ತೆಳು ಚರ್ಮದಲ್ಲಿ ತೀರ ಮೇಲಕ್ಕೆ ನಿಂತರೆ ನೀಲಿ ಛಾಯೆ ಕಾಣುತ್ತದೆ. ಇದಾವುದೂ ದೊಡ್ಡ ಭಯವಲ್ಲ. ಅಪರೂಪಕ್ಕೆ ಸೂಜಿ ರಕ್ತನಾಳಕ್ಕೆ ಹೊಕ್ಕರೆ, ನಿಲ್ಲುವ ಆ ಗುಣವೇ ಶತ್ರುವಾಗಿ ನಾಳವನ್ನು ಮುಚ್ಚುತ್ತದೆ. ಚರ್ಮ ಸತ್ತೀತು, ದೃಷ್ಟಿಯೇ ಹೋದೀತು. ಕರಗಿಸಲು ಹಯಲುರೋನಿಡೇಸ್ ಎಂಬ ಔಷಧವಿದೆ, ನಿಜ. ಆದರೆ ಹೋದ ದೃಷ್ಟಿಯನ್ನು ಅದು ಮರಳಿಸುತ್ತದೆಂಬ ಭರವಸೆಯಿಲ್ಲ.

ಇಷ್ಟನ್ನು ಹೇಳಿ ನಾನು ತೀರ್ಪಿನಿಂದ ನುಣುಚಿಕೊಂಡೆ, ಮುಖ ಅವಳದು. ವೈದ್ಯರನ್ನು ಕೇಳಲು ಅವಳು ಮೂರು ಪ್ರಶ್ನೆ ಬರೆದುಕೊಂಡಳು: ಯಾವ ಫಿಲ್ಲರ್? ಕರಗಿಸುವ ಔಷಧ ಕೈಯಳತೆಯಲ್ಲಿದೆಯೇ? ಈ ಜಾಗದಲ್ಲಿ ನಿಮ್ಮ ಕೈ ಎಷ್ಟು ಪಳಗಿದೆ?

ಒಲೆಯ ಮುಂದಿದ್ದ ಅಕ್ಕ ತಿರುಗದೆಯೇ ಹೇಳಿದಳು: "ಇನ್ನೊಂದು ಬರ್ಕೊಳ್ಳೇ. ಹಾಕಿಸ್ಕೊಂಡಮೇಲೆ ನೀನು ನಕ್ಕರೆ ನಿನ್ನ ಹಾಗೇ ಕಾಣ್ತೀಯಾ?"

ಮುಖ ಕದಲಿದಾಗ ಫಿಲ್ಲರ್ ಅದರೊಡನೆ ಎಷ್ಟು ಹಿಗ್ಗಿ ಎಷ್ಟು ಮರಳುತ್ತದೆಂದು ಪ್ರಯೋಗಶಾಲೆಗಳಲ್ಲಿ ಯಂತ್ರವಿಟ್ಟು ಅಳೆಯುತ್ತಾರೆ. ಅವರು ಕೇಳುವುದೂ ಅಕ್ಕನ ಪ್ರಶ್ನೆಯನ್ನೇ. ಹುಡುಗಿ ನಗದೆ ಅದನ್ನೂ ಬರೆದುಕೊಂಡಳು. ಮೊದಲ ಪ್ರಶ್ನೆಯ ಮೇಲೆ.